ಕಾಶ್ಯಪ ಗೋತ್ರದ ಫುಟ್‌ಬಾಲ್ ತಂಡ

ಮೊನ್ನೆ ಶನಿವಾರ ಸಂಜೆ ಜೆ.ಪಿ. ನಗರದಿಂದ ಜಯನಗರಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯರ ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ. ಹಂಪ್ ಬಂದಾಗ ಅದರ ಮುಚ್ಚಳ ಸರಿದು ಕರಿಮೆಣಸಿನ ಘಮ ಮೂಗಿಗೆ ಬಡಿಯಿತು. ಆಂಜನೇಯನಿಗೆ ಹಾಕಿದ ವಡೆಮಾಲೆಯ ವಡೆ. ಅದು ಹೋಟೆಲಿನ ವಡೆಯಂಥದ್ದಲ್ಲ ಎಂದು ನಿಮಗೆ ಗೊತ್ತೇ ಇದೆ. ತೆಳ್ಳಗೆ, ಗಟ್ಟಿಯಾಗಿ, ಹಲ್ಲಿನ ಮೇಲೆ ಭರವಸೆ ಇರುವವರಿಗೆ ಮಾತ್ರ ದಕ್ಕುವಂಥದ್ದು. ಆ ಘಮಕ್ಕೆ ಬೇರೆಯವರಿಗೆ ದೇವಸ್ಥಾನ ನೆನಪಾಗಬಹುದು. ನನಗೆ ಮಾತ್ರ ಹಾಲೆಂಡಿನ ಒಂದು ಊರಿನ ಹೆಂಗಸರ ಫುಟ್‌ಬಾಲ್ ತಂಡ ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ಜಯನಗರದಲ್ಲಿ ನನ್ನ ಚಿಕ್ಕಮ್ಮನ ಮನೆಯಿದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಟ್ರಂಕ್ ಕಾಲ್‌ಗಳ ಕಾಲದಲ್ಲಿ ತಮಗೆ ಬಾರದ ಎಷ್ಟೋ ಭಾಷೆಗಳನ್ನು ಕಿವಿಗೆ ಹಾಕಿಕೊಂಡವರು. “ಭಾಷೆ ಯಾಕೋ ಬೇಕು? ಹಲೋ ಅನ್ನೋದ್ರಲ್ಲೇ ಗೊತ್ತಾಗ್ಬಿಡ್ತಿತ್ತು, ಹೆರಿಗೆ ಆಯ್ತೋ, ಯಾರಾದ್ರೂ ಹೋಗ್ಬಿಟ್ರೋ ಅಂತ,” ಎನ್ನುತ್ತಿದ್ದರು. ನಾವು ಮಕ್ಕಳೆಲ್ಲ ಇದನ್ನು ಅವರ ಬಡಾಯಿಯ ಲೆಕ್ಕಕ್ಕೆ ಸೇರಿಸಿದ್ದೆವು.

ಕೆಲವು ವರ್ಷಗಳ ಹಿಂದೆ ಅವರ ಮಹಡಿಯ ಕೋಣೆಗೆ ಅನೂಕ್ ಎಂಬ ಹಾಲೆಂಡಿನ ಹುಡುಗಿ ಬಾಡಿಗೆಗೆ ಬಂದಳು. ಬಿಟಿಎಂ ಲೇಔಟಿನ ಯಾವುದೋ ಆಫೀಸಿನಲ್ಲಿ ಕೆಲಸ. ಚಿಕ್ಕಮ್ಮನ ಬಾಯಲ್ಲಿ ಮೊದಲ ದಿನವೇ ಅವಳು ‘ಅನು’ ಆದಳು. ಅನುವಿನ ಅಕ್ಕ ಅವರ ಊರಿನ ಕ್ಲಬ್ಬಿನಲ್ಲಿ ಗೋಲ್‌ಕೀಪರ್. ಹವ್ಯಾಸಕ್ಕಲ್ಲ, ಸಂಬಳಕ್ಕೆ; ಅದನ್ನು ನಂಬಿ ಇದ್ದ ಕೆಲಸ ಬಿಟ್ಟವಳು. ಪಂದ್ಯ ಅಲ್ಲಿ ಮಧ್ಯಾಹ್ನ ಶುರುವಾದರೆ ಇಲ್ಲಿ ಕಾಫಿಯ ಹೊತ್ತು. ಅನು ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡುತ್ತಿದ್ದಳು. ಒಣಗಿದ ಬಟ್ಟೆ ತರಲೆಂದು ಮಹಡಿ ಹತ್ತುತ್ತಿದ್ದ ಚಿಕ್ಕಮ್ಮ ಒಂದು ದಿನ ನಿಂತು ನೋಡಿದರು. ಮುಂದಿನ ವಾರ ಕೂತು ನೋಡಿದರು. ಆಮೇಲೆ ಬಟ್ಟೆಗಳು ಕತ್ತಲಾಗುವವರೆಗೂ ತಂತಿಯ ಮೇಲೇ ಇರತೊಡಗಿದವು.

ಅವರಿಗೆ ಆಟ ಅರ್ಥವಾಗುವ ಮುಂಚೆ ಗೋಲ್‌ಕೀಪರ್ ಅರ್ಥವಾಗಿದ್ದಳು. “ನಾನೂ ಅಷ್ಟೇ ಕಣೋ, ಒಂದೇ ಕಡೆ ಇದ್ದು ಬಂದದ್ದನ್ನೆಲ್ಲ ಹಿಡೀಬೇಕಿತ್ತು. ಹಿಡಿದ್ರೆ ಯಾರೂ ಕೇಳಲ್ಲ, ಬಿಟ್ರೆ ಬೈಗುಳ.” ನಾನು ಕ್ರಿಕೆಟ್ಟಿನ ಪ್ರಾಣಿ. ಕಾಫಿಪುಡಿ ಡಬ್ಬಿ, ಸಕ್ಕರೆ ಡಬ್ಬಿ, ಸೌಟು ಎಲ್ಲ ಇಟ್ಟು ಅವರು ನನಗೆ ಆಫ್‌ಸೈಡ್ ವಿವರಿಸಿದ್ದಾರೆ. ನನಗೆ ಅರ್ಥವಾದದ್ದು, ಸೌಟು ಇರಬಾರದ ಕಡೆ ಇತ್ತು ಎಂಬುದಷ್ಟೇ.

ಅನು ಊರಿಗೆ ಮರಳಿದ ಮೇಲೂ ಚಿಕ್ಕಮ್ಮ ಪಂದ್ಯ ತಪ್ಪಿಸಲಿಲ್ಲ. ಕಂಪ್ಯೂಟರ್ ಹಚ್ಚಿಕೊಡಲು ನಾನು ಹೋಗುತ್ತಿದ್ದೆ. ಹೋದವನಿಗೆ ಚಕ್ಕುಲಿ ಸಿಗುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಹೀಗಿರುವಾಗ ಒಂದು ದಿನ ಅನು ಫೋನ್ ಮಾಡಿದಳು. ಹಣ ಕೊಡುತ್ತಿದ್ದ ಕಂಪನಿ ಕೈಬಿಟ್ಟಿದೆ, ಈ ಸೀಸನ್ ಮುಗಿದ ಮೇಲೆ ಹೆಂಗಸರ ತಂಡವನ್ನು ಮುಚ್ಚುತ್ತಾರಂತೆ, ಅಕ್ಕ ಊಟ ಬಿಟ್ಟು ಕೂತಿದ್ದಾಳೆ ಎಂದಳು. ಚಿಕ್ಕಮ್ಮ ಫೋನ್ ಇಟ್ಟು ನನ್ನ ಕಡೆ ತಿರುಗಿದರು.

“ಗಂಡಸರ ಟೀಮು?”

“ಅದು ಇರುತ್ತಂತೆ,” ಎಂದೆ, ಕಂಪ್ಯೂಟರಿನಲ್ಲಿ ಕ್ಲಬ್ಬಿನ ಸುದ್ದಿ ನೋಡಿ.

“ಹಾಗಿದ್ರೆ ಇಲ್ಲದೆ ಇರೋದು ದುಡ್ಡಲ್ಲ ಬಿಡು.”

ಮಾರನೆಯ ಶನಿವಾರ ನನ್ನನ್ನೂ ಎಳೆದುಕೊಂಡು ಆಂಜನೇಯನ ಗುಡಿಗೆ ಹೋದರು. ತಂಡ ಉಳಿದರೆ ಕೈಯಾರೆ ವಡೆ ಮಾಡಿ ಮಾಲೆ ಹಾಕಿಸುತ್ತೇನೆಂದು ಹರಕೆ. ಗೆಲ್ಲಲಿ ಎಂದು ಕೇಳಿಕೊಳ್ಳಲಿಲ್ಲ, ಅದು ದುರಾಸೆಯಾಗುತ್ತದಂತೆ. ಅರ್ಚಕರು ತಟ್ಟೆ ಹಿಡಿದು ಕೇಳಿದರು.

“ಯಾರ ಹೆಸರಲ್ಲಮ್ಮ?”

“ಹಾಲೆಂಡಲ್ಲಿ ಹುಡುಗೀರ ಫುಟ್‌ಬಾಲ್ ಟೀಮ್ ಒಂದಿದೆ, ಅವರ ಹೆಸರಲ್ಲಿ.”

ನಾನು ಕಂಬದ ಮೇಲಿನ ದಾನಿಗಳ ಹೆಸರು ಓದತೊಡಗಿದೆ. ಅರ್ಚಕರು ಮಾತ್ರ ಕೊಂಚವೂ ವಿಚಲಿತರಾಗಲಿಲ್ಲ.

“ಗೋತ್ರ?”

“ಗೊತ್ತಿಲ್ವಲ್ಲ.”

“ಗೊತ್ತಿಲ್ದೋರಿಗೆಲ್ಲ ಕಾಶ್ಯಪ ಗೋತ್ರ. ನಕ್ಷತ್ರ?”

“ಹನ್ನೊಂದು ಜನ ಇದ್ದಾರೆ, ಹೊರಗಡೆ ಕೂತಿರೋರು ಬೇರೆ. ಯಾರ್ದು ಅಂತ ಹೇಳ್ಲಿ?”

“ಸಹಕುಟುಂಬಾನಾಂ ಅಂದ್ಬಿಡ್ತೀನಿ, ಎಲ್ಲಾ ಬಂದ್ಬಿಡ್ತಾರೆ.”

ಹಾಗೆ ಒಂದು ಡಚ್ ತಂಡ ಕಾಶ್ಯಪ ಗೋತ್ರಕ್ಕೆ ಸೇರಿತು. ಕ್ಷೇಮ, ಸ್ಥೈರ್ಯ, ವಿಜಯ ಎಂದು ಅರ್ಚಕರು ಹೇಳುತ್ತ ಹೋದಾಗ ಮಂತ್ರವನ್ನು ಫುಟ್‌ಬಾಲಿಗೆಂದೇ ಬರೆದಂತೆ ಕೇಳಿಸಿತು. ನಗು ತಡೆದುಕೊಂಡು ಚಿಕ್ಕಮ್ಮನ ಮುಖ ನೋಡಿದೆ. ಅವರ ಕಣ್ಣು ಒದ್ದೆಯಾಗಿತ್ತು. ಆಗ ನನಗೂ ಮನಸ್ಸಿನಲ್ಲೇ ಒಮ್ಮೆ ಕೈ ಮುಗಿಯದೆ ಇರಲು ಆಗಲಿಲ್ಲ.

ಆಮೇಲಿನ ವಾರಗಳನ್ನು ಹೇಗೆ ಕಳೆದೆವೋ. ಪಂದ್ಯ ನಡೆಯುತ್ತಿದ್ದರೂ ಚಿಕ್ಕಮ್ಮ ಚೆಂಡು ನೋಡುತ್ತಿರಲಿಲ್ಲ, ಆ ಹುಡುಗಿಯರ ಮುಖ ನೋಡುತ್ತಿದ್ದರು. ಸೀಸನ್ ಮುಗಿಯಿತು. ಅನುವಿನಿಂದ ಸುದ್ದಿಯಿಲ್ಲ. ನಾವಾಗಿ ಕೇಳಲು ಧೈರ್ಯವಿಲ್ಲ.

ಒಂದು ಬೆಳಿಗ್ಗೆ ನಾನು ಅಲ್ಲಿರುವಾಗಲೇ ಫೋನ್ ಬಂತು. ಚಿಕ್ಕಮ್ಮ ಎತ್ತಿಕೊಂಡರು. ಆ ಕಡೆಯಿಂದ “ಹಲೋ ಆಂಟಿ” ಎಂದಷ್ಟೇ ಕೇಳಿಸಿತು. ಚಿಕ್ಕಮ್ಮ ಫೋನಿಗೆ ಕೈ ಅಡ್ಡ ಹಿಡಿದು ನನಗೆ, “ಉದ್ದಿನಬೇಳೆ ನೆನೆಹಾಕೋ,” ಎಂದರು.

ನಾನು ಬೇಳೆ ಅಳೆದು ನೀರು ಸುರಿದ ಮೇಲೆ ಉಳಿದ ವಿವರ ಸಿಕ್ಕಿತು. ಊರಿನ ಅಂಗಡಿಯವರೂ ಹಳೆಯ ಆಟಗಾರ್ತಿಯರೂ ಸೇರಿ ಸಂಘ ಕಟ್ಟಿ, ತಂಡವನ್ನು ತಾವೇ ವಹಿಸಿಕೊಂಡಿದ್ದರು. ಅಕ್ಕನ ಕೆಲಸ ಉಳಿದಿತ್ತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಯಾವ ಊರೋ, ಯಾವ ಹುಡುಗಿಯರೋ, ಆಫ್‌ಸೈಡ್ ಕೂಡ ತಿಳಿಯದ ನನಗೆ ಇಷ್ಟು ಸಮಾಧಾನ ಏಕಾಗಬೇಕು, ನೀವೇ ಹೇಳಿ.

ಮಾಲೆಯ ವಡೆ ಒಂದಿಷ್ಟು ಹಾಲೆಂಡಿಗೂ ಹೋಯಿತು. ಗೋಲ್‌ಕೀಪರ್ ಅಕ್ಕ ಕೈಗವಸು ಹಾಕಿಕೊಂಡೇ ಒಂದನ್ನು ಹಿಡಿದು ನಿಂತ ಫೋಟೋ ಬಂತು. “ಬಿಡ್ಲಿಲ್ಲ ನೋಡು,” ಎಂದರು ಚಿಕ್ಕಮ್ಮ. ಕಚ್ಚಿದಳೋ ಇಲ್ಲವೋ ತಿಳಿಯಲಿಲ್ಲ.

ಮೊನ್ನೆ ಬಸ್ಸಿನಲ್ಲಿ ಕೂತು ನಾನು ಹೋಗುತ್ತಿದ್ದದ್ದೂ ಪಂದ್ಯ ನೋಡಲು ಚಿಕ್ಕಮ್ಮನ ಮನೆಗೇ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಪಂದ್ಯ ತಪ್ಪಿಹೋಗಿತ್ತು. ಅಷ್ಟರಲ್ಲಿ ಚಿಕ್ಕಮ್ಮನ ಫೋನ್.

“ಎಲ್ಲಿದ್ದೀಯೋ? ಮುಗೀತು. ನಾಲ್ಕು ಗೋಲು ಹೊಡೆಸ್ಕೊಂಡ್ರು.”

ಆ ದನಿ ಕೇಳಿದರೆ ಯಾರದೋ ಮನೆಯಲ್ಲಿ ಸುಖವಾಗಿ ಹೆರಿಗೆಯಾದಂತಿತ್ತು. ಕೇಳಿ ಕೇಳಿ ಈಗೀಗ ನನಗೂ ದನಿ ಗೊತ್ತಾಗುತ್ತದೆ. ನಾನೂ ನಕ್ಕುಬಿಟ್ಟೆ. ಪಕ್ಕದ ಹಿರಿಯರು ಡಬ್ಬಿಯಿಂದ ಒಂದು ವಡೆ ತೆಗೆದು ನನ್ನ ಕೈಗಿಟ್ಟು, “ಏನ್ ಸಾರ್, ಒಳ್ಳೇ ಸುದ್ದೀನಾ?” ಎಂದರು.

“ಹೌದು ಸಾರ್,” ಎಂದು ವಡೆಯನ್ನು ಕಣ್ಣಿಗೊತ್ತಿಕೊಂಡೆ. “ನಮ್ಮ ಹುಡುಗೀರು ಇವತ್ತೂ ಸೋತ್ರು. ಮುಂದಿನ ವಾರ ಮತ್ತೆ ಆಡ್ತಾರೆ.”