ಗಂಗವ್ವನಿಗೆ ನಾನು ತೊಡಿಸಿದ ಕುಬಸ

ಬೆರಳುಗಳಿಗೆ ಟರ್ಪೆಂಟೈನ್ ವಾಸನೆ ಹತ್ತಿಬಿಟ್ಟಿದೆ; ಸೋಪು ಹಚ್ಚಿ ತೊಳೆದರೂ ಹೋಗುತ್ತಿಲ್ಲ. ಬೆಳಗಿನಿಂದ ಒಂದು ಚಿತ್ರದೊಳಗಿನ ಅಜ್ಜಿಯ ಮೈಮೇಲಿನ ಕುಬಸ ಅಳಿಸುತ್ತ ಕೂತಿದ್ದೆ. ಹನ್ನೊಂದು ವರ್ಷದ ಹಿಂದೆ ಆ ಕುಬಸ ಬರೆದವನೂ ನಾನೇ ಎಂದರೆ ನೀವು ನಗಬಹುದು. ನಕ್ಕುಬಿಡಿ, ನನಗೂ ಸಾಕಾಗಿದೆ.

ಆಗ ಸೊಲ್ಲಾಪುರದಲ್ಲಿ ನನ್ನದೊಂದು ಚಿತ್ರಕಲೆಯ ಕ್ಲಾಸಿತ್ತು. ನಾಗಣಸೂರಿನ ಸುರೇಖಾ ಟವೆಲ್ ಕಾರ್ಖಾನೆಯ ಕೆಲಸ ಮುಗಿಸಿ ಕಲಿಯಲು ಬರುತ್ತಿದ್ದಳು. ಪಾಠ ಮುಗಿಯುವ ಮೊದಲೇ ಅಕ್ಕಲಕೋಟದ ಬಸ್ಸಿಗೆ ಓಡುತ್ತಿದ್ದಳು. ಒಮ್ಮೆ ತನ್ನ ಅಜ್ಜಿಯ ಚಿತ್ರ ಬರೆದು ತಂದಳು. ಎಪ್ಪತ್ತು ದಾಟಿದ ಗಂಗವ್ವ ತಲೆಗೆ ಎರೆದುಕೊಂಡು ಹಿತ್ತಲಲ್ಲಿ ಕೂತು ಕೂದಲು ಆರಿಸಿಕೊಳ್ಳುತ್ತಿದ್ದಾಳೆ. ಸೀರೆ ಸೊಂಟದವರೆಗೆ ಮಾತ್ರ. ಜೋತ ಮೊಲೆ, ಸುಕ್ಕಾದ ಹೊಟ್ಟೆ, ಮುಖದಲ್ಲಿ ಎಳೆಬಿಸಿಲಿನ ಸುಖ. ನಾನು ಕಲಿಸದೇ ಇದ್ದದ್ದು ಅದರಲ್ಲಿತ್ತು.

ಪಾಠ ಹೇಳುವಾಗ ನಾನು ಭಾರೀ ಧೈರ್ಯವಂತ. ಹಳೆಯ ಗುಡಿಗಳ ಕಲ್ಲಿನ ಹೆಂಗಸರಿಗಿಲ್ಲದ ನಾಚಿಕೆ ಆಮೇಲೆ ಬಂದವರಿಗೆ ಹೇಗೆ ಬಂತು, ಯಾವ ದೇಶದಲ್ಲಿ ಬೆತ್ತಲೆ ಮೂರ್ತಿಗಳಿಗೆ ಎಲೆ ಅಂಟಿಸಿದರು, ಎಲ್ಲಿ ಸುಣ್ಣ ಬಳಿದರು ಎಂದೆಲ್ಲ ಹೇಳಿ ನಗಿಸುತ್ತಿದ್ದೆ. ಊರಿನ ಚಿತ್ರಪ್ರದರ್ಶನಕ್ಕೆ ಸುರೇಖಾಳ ಚಿತ್ರವನ್ನೂ ಆರಿಸಿದ್ದೆ. ಹಿಂದಿನ ದಿನ ಪ್ರದರ್ಶನ ಸಮಿತಿಯ ಹಿರಿಯರೊಬ್ಬರು ಅದರ ಮುಂದೆ ನಿಂತು, ಇದನ್ನು ಮೂಲೆಗೆ ಹಾಕಿದರೆ ಹೇಗೆ ಅಂದರು. ಅಷ್ಟೇ. ಅವರು ಊಟಕ್ಕೆ ಹೋದ ಮೇಲೆ ನಾನು ಹಸಿರು ಬಣ್ಣ ಕಲಸಿ ಗಂಗವ್ವನಿಗೆ ಮೊಣಕೈ ತನಕ ಕುಬಸ ತೊಡಿಸಿದೆ. ಸುರೇಖಾಳಿಗೆ, ಇದು ಸಮಿತಿಯವರ ಕೆಲಸ ಎಂದೆ.

ಮರುದಿನ ಮೊಮ್ಮಗಳ ಜೊತೆ ಅಜ್ಜಿಯೇ ಬಂದಳು. ಬಹಳ ಹೊತ್ತು ನೋಡಿ ನನ್ನ ಕಡೆ ತಿರುಗಿದಳು.

“ಈ ಕುಬಸ ನಂದಲ್ಲ. ನನಗ ನಾಚಿಕಿ ಇದ್ದಿದ್ದಿಲ್ಲ, ಅವರಿಗ್ಯಾಕ ಬಂತ್ರಿ ಮಾಸ್ತರ?”

ನಾನು ಚಹಾ ತರಿಸಿದೆ. ಅಜ್ಜಿ ಕುಡಿಯಲಿಲ್ಲ. ಸುರೇಖಾ ಚಿತ್ರ ಇಳಿಸಿಕೊಂಡು ಹೋದಳು. ಕ್ಲಾಸಿಗೆ ಮತ್ತೆ ಬರಲಿಲ್ಲ.

ಹೋದ ತಿಂಗಳು ಅಜ್ಜಿ ತೀರಿಕೊಂಡಳಂತೆ. ನಿನ್ನೆ ಸುರೇಖಾ ಆ ಚಿತ್ರ ಹಿಡಿದು ಮನೆಗೆ ಬಂದು, ಆಯಿ ಮೊದಲು ಹೇಗಿದ್ದಳೋ ಹಾಗೆ ಮಾಡಿಕೊಡಿ ಎಂದು ಕೇಳಿದಳು; ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು. ಹಸಿರು ಒರೆಸಿದರೆ ಕೆಳಗಿನ ಮೈಬಣ್ಣವೂ ಕಿತ್ತು ಒರೆಸುವ ಬಟ್ಟೆಗೆ ಬಂತು. ಎದೆಯ ಜಾಗದಲ್ಲಿ ಈಗ ಬರೀ ಕ್ಯಾನ್ವಾಸು. ಮಧ್ಯಾಹ್ನ ಫೋನ್ ಮಾಡಿ, ಚಿತ್ರ ಕೆಟ್ಟಿತು ಎಂದೆ. ಕುಬಸ ಬರೆದವನು ನಾನು ಎಂಬುದನ್ನೂ ಹೇಳಿದೆ.

“ಗೊತ್ತದರಿ ಸರ್,” ಅಂದಳು. “ಆಯಿಗೂ ಗೊತ್ತಿತ್ತು. ನಿಮ್ಮ ಬಾಯಿಂದ ಕೇಳಬೇಕಿತ್ತು.”

ಭಾನುವಾರ ಬರುತ್ತಾಳೆ. ಅಷ್ಟರಲ್ಲಿ ಆ ಖಾಲಿ ಜಾಗ ನಾನೇ ತುಂಬಿಬಿಡೋಣವೆಂದು ಕುಂಚ ಎತ್ತಿದೆ, ಕೆಳಗಿಟ್ಟೆ. ಅಜ್ಜಿಯನ್ನು ಕಂಡವಳು ಅವಳು, ಅವಳೇ ಬರೆಯಲಿ. ನಾನು ಬಣ್ಣ ಕಲಸಿ ಕೊಡುತ್ತೇನೆ.