ಸ್ಟೆಲ್ಲಮ್ಮನ ಕೈಗೆ ಗಂಟೆ ಬಂದದ್ದು

ಕ್ರಿಸ್ಮಸ್ ದಿನ ನಂಜನಗೂಡಿನ ಚರ್ಚಿನಲ್ಲಿ ನಾನು ಕೈ ಮುಗಿದೆ. ಅದರಲ್ಲಿ ತಪ್ಪೇನು ಅಂತೀರಾ? ಎರಡೂ ಕೈಯಲ್ಲಿ ಒಂದೊಂದು ಗಂಟೆ ಇತ್ತು!

ಏನು ಮಾಡಲಿ, ಹುಟ್ಟಿ ಬೆಳೆದದ್ದು ನಂಜುಂಡೇಶ್ವರನ ಊರಿನಲ್ಲಿ. ಗಂಟೆ ಸದ್ದು ಕಿವಿಗೆ ಬಿದ್ದರೆ ಕಣ್ಣು ತಾನಾಗಿ ಮುಚ್ಚುತ್ತದೆ, ಕೈ ತಾನಾಗಿ ಸೇರುತ್ತದೆ. ಠಣಾರ್! ಫಾದರ್ ಮುಖ ನೀವು ನೋಡಬೇಕಿತ್ತು.

ಲಿಂಗಾಯತರ ಮನೆಯವನಿಗೆ ಅಲ್ಲೇನು ಕೆಲಸ? ಅದಕ್ಕೆಲ್ಲ ಕಾರಣ ಸ್ಟೆಲ್ಲಮ್ಮ.

ಸ್ಟೆಲ್ಲಮ್ಮ ರಿಟೈರ್ಡ್ ನರ್ಸ್. ತಿ. ನರಸೀಪುರದ ಕಡೆ ಎಷ್ಟೋ ಹೆರಿಗೆ ಮಾಡಿಸಿದವರು. ಚರ್ಚಿನ ಹಾಡಿನ ತಂಡದಲ್ಲಿ ಮುಂದಿನ ಸಾಲು ಅವರದೇ. ಭಕ್ತಿ ಬೆಟ್ಟದಷ್ಟು, ಶ್ರುತಿ ಸಾಸಿವೆಯಷ್ಟೂ ಇಲ್ಲ. 'ಇನ್ನು ಹಾಡಬೇಡಿ' ಎಂದು ಹೇಳುವವರು ಯಾರು? ಫಾದರ್ ಹುಟ್ಟಿದ್ದೇ ಅವರ ಕೈಯಲ್ಲಿ!

ಫಾದರ್ ಉಪಾಯ ಹೂಡಿದರು. ಪರಿಚಯದ ಇನ್ನೊಂದು ಚರ್ಚಿನಿಂದ ಹಳೆಯ ಹ್ಯಾಂಡ್‌ಬೆಲ್ ಸೆಟ್ ತರಿಸಿದರು. ಹಿಡಿ ಇರುವ ಹಿತ್ತಾಳೆ ಗಂಟೆಗಳು, ಒಂದೊಂದಕ್ಕೆ ಒಂದೊಂದು ಸ್ವರ. ನಮ್ಮ ಸ್ವರ ಬಂದಾಗ ಮಾತ್ರ ಬಾರಿಸಬೇಕು, ಮಿಕ್ಕ ಹೊತ್ತು ತೆಪ್ಪಗೆ ನಿಲ್ಲಬೇಕು. (ಮಂಗಳಾರತಿಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬಾರಿಸಿ ಬೆಳೆದವನಿಗೆ ಇದೇ ಕಷ್ಟ.)

"ಸ್ಟೆಲ್ಲಮ್ಮ, ನೀವಿಲ್ದೆ ಈ ಟೀಮ್ ನಡೆಯಲ್ಲ" ಅಂದರು ಫಾದರ್. ಸ್ಟೆಲ್ಲಮ್ಮ ಲೀಡರ್ ಆದರು. ಗಂಟೆ ಹಿಡಿದ ಮೇಲೆ ಹಾಡುವಂತಿಲ್ಲ! ನಮ್ಮ ಸಂಘಗಳಲ್ಲಿ ಕೆಲವರನ್ನು ಗೌರವಾಧ್ಯಕ್ಷರು ಮಾಡುವುದೂ ಇದಕ್ಕೇ ಅಲ್ಲವೇ?

ಜನ ಸಾಲಲಿಲ್ಲ. ಚರ್ಚಿನ ಗೋಡೆಯಾಚೆ ನಮ್ಮ ಮನೆ. ಫಾದರ್ ನನ್ನನ್ನೂ ಕರೆದರು. "ಪ್ರಾಕ್ಟೀಸ್ ಭಾನುವಾರ ಬೆಳಿಗ್ಗೆ. ಆಮೇಲೆ ಪೂಜೆ ಮುಗಿಯೋವರೆಗೂ ಇಲ್ಲೇ ಇದ್ಬಿಡಿ ಸಾರ್, ದಯವಿಟ್ಟು" ಎಂದರು. ನಾನು ಉಬ್ಬಿಹೋದೆ. ಭಾನುವಾರ ಬೆಳಿಗ್ಗೆ ಗಟ್ಟಿಯಾಗಿ ವಚನ ಹಾಡುತ್ತ, ಆರಾಮವಾಗಿ ಸ್ನಾನ ಮಾಡುವವನು, ಅದನ್ನೂ ಮಧ್ಯಾಹ್ನಕ್ಕೆ ತಳ್ಳಿದೆ.

ಸರಿ, ಆ ಠಣಾರ್‌ಗೆ ಬರೋಣ. ನಾನು ಗಾಬರಿಯಲ್ಲಿ ಕಣ್ಣು ಬಿಡುವಷ್ಟರಲ್ಲಿ ನನ್ನ ಸ್ವರ ಬಂದು ಹೋಗಿತ್ತು. ಪಕ್ಕದವರು ನನಗಾಗಿ ಕಾದರು, ಅವರ ಪಕ್ಕದವರು ಅವರಿಗಾಗಿ. ಹಾಡು ನಿಂತೇಹೋಯಿತು. ಚರ್ಚ್ ತುಂಬ ಜನ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಗ ಸ್ಟೆಲ್ಲಮ್ಮ ಬಾಯಿ ತೆರೆದರು. ನನ್ನ ಸ್ವರದಿಂದಲೇ ಎತ್ತಿಕೊಂಡು ಹಾಡತೊಡಗಿದರು. ಶ್ರುತಿ ಎಲ್ಲೋ, ದನಿ ಎಲ್ಲೋ. ಆದರೆ ಒಬ್ಬರೂ ನಗಲಿಲ್ಲ. ಮೊದಲು ಫಾದರ್ ದನಿಗೂಡಿಸಿದರು, ಆಮೇಲೆ ಇಡೀ ಚರ್ಚು. ನಿಜ ಹೇಳಲಾ? ನನ್ನ ಕಣ್ಣು ತುಂಬಿ ಬಂತು.

ಆಮೇಲೆ ಕೇಕ್ ತಿನ್ನುವಾಗ ಸ್ಟೆಲ್ಲಮ್ಮನ ಹತ್ತಿರ ಕ್ಷಮೆ ಕೇಳಿದೆ.

"ಅಯ್ಯೋ ಬುಡಿ ಸಾ. ನನ್ ಕೈಗೆ ಗಂಟೆ ಯಾಕ್ ಕೊಟ್ರು ಅಂತ ನಂಗೊತ್ತಿಲ್ವಾ? ನಾನೇ ಎತ್ತಾಡ್ಸಿದ ಕೂಸು, ಪಾಪ, ನನ್ನ ನೋಯ್ಸಕ್ಕೆ ಮನಸ್ ಬರ್ನಿಲ್ಲ. ಅದ್ಕೇ ಸುಮ್ನೆ ಈಸ್ಕೊಂಡೆ."

ನನಗೆ ಅವರ ಬಗ್ಗೆ ಅಯ್ಯೋ ಅನ್ನಿಸಿತು. ಅದು ಮುಖದಲ್ಲೂ ಕಂಡಿರಬೇಕು. ಸ್ಟೆಲ್ಲಮ್ಮ ನನ್ನ ತಟ್ಟೆಗೆ ಇನ್ನೊಂದು ಚೂರು ಕೇಕ್ ಹಾಕಿ ಕೇಳಿದರು:

"ಅದಿರ್ಲಿ ಸಾ, ನಿಮ್ ಬಚ್ಚಲುಮನೆ ಕಿಟಕಿ ನಮ್ ಚರ್ಚ್ ಕಡೀಕೇ ಅಲ್ವಾ ಇರೋದು?"