ನಾನು ಪ್ಯಾಕೇಜ್ ನಿಲ್ಲಿಸಿದ ವರ್ಷ

ಬೀದರಿನ ಬಾಡಿಗೆ ಕೋಣೆಯಲ್ಲಿ ಕುಳಿತು ನಾನೇ ಬರೆದ ತಂತ್ರಾಂಶದ ಪ್ಯಾಕೇಜ್ ಅದು. ಯಾರಾದರೂ ತಮ್ಮ ತಂತ್ರಾಂಶವನ್ನು ತಿದ್ದಿದರೆ, ಅದರಿಂದ ಬೇರೇನಾದರೂ ಕೆಟ್ಟಿದೆಯೇ ಎಂದು ಪರೀಕ್ಷಿಸಿ ಹೇಳುವುದು ಅದರ ಕೆಲಸ. ಕೆಟ್ಟಿದ್ದರೆ ಕೆಂಪು, ಸರಿಯಿದ್ದರೆ ಹಸಿರು. ಬಳಸುವವರು ಬೆರಳೆಣಿಕೆಯ ಜನ. ತಲೆ ತಿನ್ನುವುದರಲ್ಲಿ ಮಾತ್ರ ಯಾರೂ ಹಿಂದೆ ಬಿದ್ದವರಲ್ಲ. ಆರು ವರ್ಷ ಪುಕ್ಕಟೆ ದುಡಿದು ಸಾಕಾಗಿ, ಒಂದು ಮಧ್ಯಾಹ್ನ ಅದನ್ನು ನಿಲ್ಲಿಸುವುದಾಗಿ ಪ್ರಕಟಣೆ ಹಾಕಿದೆ. ಬದಲಿಗೆ ದೊಡ್ಡ ಪ್ಯಾಕೇಜೊಂದರ ಹೆಸರು ಕೊಟ್ಟು, ‘ಒಂದು ಸಾಲು ಬದಲಿಸಿದರೆ ಸಾಕು, ಎಲ್ಲವೂ ಮೊದಲಿನಂತೆಯೇ ನಡೆಯುತ್ತದೆ’ ಎಂದು ಬರೆದೆ. ಹಾಗೆ ಬದಲಿಸಿ ನಾನು ನೋಡಿರಲೇ ಇಲ್ಲ.

ನಮ್ಮಲ್ಲೊಂದು ರೂಢಿಯಿತ್ತು. ಖಟಕ ಚಿಂಚೋಳಿಗೊಂದು, ಸಂತಪುರಕ್ಕೊಂದು, ಡಾಬಕಾಕ್ಕೊಂದು ಎಂದು ಪರೀಕ್ಷೆಯ ಫೈಲುಗಳಿಗೆ ಊರಿನ ಹೆಸರನ್ನೇ ಇಡುತ್ತಿದ್ದೆವು. ನಾನೇ ಹಾಕಿಕೊಟ್ಟ ರೂಢಿ. ಹೊಸ ಪ್ಯಾಕೇಜಿಗೆ ನಮ್ಮ ಊರುಗಳ ಗುರುತೆಲ್ಲಿ? ಹೆಸರಿನಲ್ಲಿ ‘ಟೆಸ್ಟ್’ ಎಂದಿಲ್ಲದ ಆ ಫೈಲುಗಳನ್ನು ಅದು ತೆರೆಯುವುದೇ ಇಲ್ಲ. ಒಂದೂ ಪರೀಕ್ಷೆ ನಡೆಸದೆ, ಒಂದೂ ತಪ್ಪು ಸಿಗಲಿಲ್ಲವೆಂದು ಹಸಿರು ತೋರಿಸುತ್ತದೆ. ಭಾಲ್ಕಿಯ ಬಳಕೆದಾರನೊಬ್ಬ ಫೋನ್ ಮಾಡಿ ಇದಕ್ಕಾಗಿ ಜಗಳ ತೆಗೆದ. ಅವನಿಗೆ ಫೈಲುಗಳ ಹೆಸರು ಬದಲಿಸುವ ದಾರಿ ಹೇಳಿಕೊಟ್ಟೆ. ಪ್ರಕಟಣೆಯನ್ನು ನಾಳೆ ತಿದ್ದಿದರಾಯಿತು ಎಂದುಕೊಂಡು ಬಿಟ್ಟೆ.

ಔರಾದಿನಲ್ಲಿ ಒಬ್ಬ ಶಾಲಾ ಶಿಕ್ಷಕಿ ಇದ್ದರು. ಎಲ್ಲರಿಗೂ ಅವರು ಅಕ್ಕೋರು. ಕಬ್ಬು ಕಡಿಯಲು ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಲೆಂದು ಒಂದು ಹಾಸ್ಟೆಲ್ ಇತ್ತು. ಅದಕ್ಕೆ ಸೇರಬೇಕಾದ ಮಕ್ಕಳ ಪಟ್ಟಿ ಮಾಡುವ ತಂತ್ರಾಂಶ ಅಕ್ಕೋರದು. ಬರ ಬಿದ್ದ ಆ ವರ್ಷ ಜನ ದಸರೆಗೂ ಮೊದಲೇ ಹೊರಡತೊಡಗಿದ್ದರಿಂದ ಅವರು ಅದರೊಳಗಿನ ದಿನಾಂಕಗಳನ್ನು ಬದಲಿಸಿದರು. ತಿದ್ದುವಾಗ ಎಲ್ಲೋ ಎಡವಿ, ಎಲ್ಲರಿಗಿಂತ ಮೊದಲು ಹೊರಡುವ ಡಾಬಕಾದ ಮಕ್ಕಳ ಹೆಸರುಗಳೇ ಪಟ್ಟಿಯಿಂದ ಬಿಟ್ಟುಹೋದವು. ನನ್ನ ಹಳೆಯ ಪ್ಯಾಕೇಜ್ ಆಗಿದ್ದರೆ ಕೆಂಪು ತೋರಿಸಿ ಅಡ್ಡ ಹಾಕುತ್ತಿತ್ತು. ನನ್ನ ಪ್ರಕಟಣೆ ನಂಬಿ ಅವರು ಹಾಕಿಕೊಂಡಿದ್ದ ಹೊಸದು ಹಸಿರು ತೋರಿಸಿತು, ಅಕ್ಕೋರು ಪಟ್ಟಿ ಕಳಿಸಿದರು. ತಪ್ಪು ಗೊತ್ತಾಗುವ ಹೊತ್ತಿಗೆ ಹಾಸ್ಟೆಲ್ ಭರ್ತಿಯಾಗಿತ್ತು. ಒಂಬತ್ತು ಮಕ್ಕಳು ತಂದೆತಾಯಿಯ ಜೊತೆ ಟ್ರ್ಯಾಕ್ಟರ್ ಹತ್ತಿ ಮಹಾರಾಷ್ಟ್ರದ ಕಬ್ಬಿನ ಗದ್ದೆಗೆ ಹೋಗಿಯಾಗಿತ್ತು.

ಸುದ್ದಿ ಹೇಳಿದವನು ಅದೇ ಭಾಲ್ಕಿಯವನು. ಕ್ಷಮೆ ಕೇಳಲೆಂದೇ ಔರಾದಿನ ಬಸ್ಸು ಹತ್ತಿದೆ. ಬಾಗಿಲಲ್ಲಿ ನನ್ನನ್ನು ಕಂಡೊಡನೆ ಅಕ್ಕೋರ ಕಣ್ಣು ತುಂಬಿಕೊಂಡವು.

“ನೀವು ಬರೆದದ್ದು ನಾನೇ ಸರಿ ಓದಿಲ್ಲ ಅನಸ್ತದರಿ ಸರ. ಹಸರು ಬಂತಲ್ಲ, ಬರೋಬ್ಬರಿ ಅದ ಅಂತ ಕಳಿಸಿಬಿಟ್ಟೆ.”

“ಒಂದು ಫೋನ್ ಮಾಡಬಾರದಿತ್ತೇನ್ರಿ ಅಕ್ಕೋರೆ?”

“ಪುಕಟ ಮಾಡಿಕೊಟ್ಟವರಿಗಿ ಮತ್ತ ಮತ್ತ ಹ್ಯಾಂಗ ತ್ರಾಸ ಕೊಡಲಿರಿ?”

‘ತಪ್ಪು ನಿಮ್ಮದಲ್ಲ, ನನ್ನದು’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ತಪ್ಪನ್ನು ಅವರೇ ಹೊತ್ತುಕೊಂಡದ್ದು ಕೇಳಿ, ನಾಚಿಕೆಗೆಟ್ಟ ನನಗೆ ಮೈ ಹಗುರವಾಯಿತು. “ಮುಂದಿನ ಸಲ ಸಾವಕಾಶ ಓದ್ರಿ” ಎಂದು ಬುದ್ಧಿ ಬೇರೆ ಹೇಳಿದೆ. ಅವರು ಹೂಂಗುಟ್ಟಿ, ಚಹಾ ಮಾಡಿ ತಂದುಕೊಟ್ಟರು. ನಾನು ಅದನ್ನು ಕುಡಿದೆ ಕೂಡ.

ಬೀದರಿಗೆ ಮರಳಿದ ದಿನವೇ ಪ್ರಕಟಣೆಯನ್ನು ತಿದ್ದಿದೆ. ಆ ಮಕ್ಕಳು ಊರಿಗೆ ಬಂದದ್ದು ಯುಗಾದಿಯ ಹೊತ್ತಿಗೆ. ಅಕ್ಕೋರು ಡಾಬಕಾಕ್ಕೆ ಹೋಗಿ, ಒಂದೊಂದು ಮನೆಯ ಮುಂದೂ ನಿಂತು, “ನನ್ನಿಂದ ತಪ್ಪಾಯ್ತವ್ವ” ಎಂದು ಆ ತಾಯಂದಿರಿಗೆ ಕೈ ಮುಗಿದರಂತೆ. ಆ ಬಾಗಿಲುಗಳಲ್ಲಿ ನಿಲ್ಲಬೇಕಾದವನು ನಾನು. ಇದನ್ನು ಅಕ್ಕೋರಿಗೆ ಇಂದಿಗೂ ಹೇಳಿಲ್ಲ.